ಗಾಜಿಗೆ ತಕ್ಕ ಬಾಗಿಲು

ಅವ್ವನಿಗೆ ಡಯಾಲಿಸಿಸ್ ಶುರುವಾದ ಎರಡನೇ ವಾರಕ್ಕೇ ನಮಗೆ ಒಂದು ಮಾತು ಗೊತ್ತಾಯಿತು. ಮಷಿನ್ ಮೇಲಿನ ನಾಲ್ಕು ತಾಸನ್ನು ಆಕೆ ಹೇಗೋ ತಡೆದುಕೊಳ್ಳುತ್ತಾಳೆ. ಮನೆಗೆ ಬರುವ ಹಾದಿಯನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ವಾರಕ್ಕೆ ಮೂರು ಸಲ ಇರಕಲ್ಲಗಡದಿಂದ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ ಬರಬೇಕು. ಮಷಿನ್‌ನಿಂದ ಇಳಿದ ಮೇಲೆ ಅವ್ವ ನಡುಗುತ್ತಿದ್ದಳು. ಬ್ಯಾಸಿಗಿಯಲ್ಲೂ ಕೌದಿ ಕೇಳುತ್ತಿದ್ದಳು. ಆಗಿನ್ನೂ ಕೈಗೆ ಫಿಸ್ಟುಲಾ ಆಗಿರಲಿಲ್ಲ, ಕುತ್ತಿಗೆಯಲ್ಲಿ ನಳಿಕೆ ಹಾಕಿದ್ದರು. ಆ ಪಟ್ಟಿ ತೋಯಬಾರದು, ಧೂಳು ಕೂರಬಾರದು, ಸೋಂಕು ಆದರೆ ನೇರ ರಕ್ತಕ್ಕೇ ಹೋಗುತ್ತದೆ ಎಂದು ನರ್ಸಮ್ಮ ಪ್ರತಿ ಸಲ ಹೇಳಿ ಕಳಿಸುತ್ತಿದ್ದರು. ನಾವು ಪ್ರತಿ ಸಲ ತಲೆ ಆಡಿಸಿ, ಅವ್ವನನ್ನು ಜೀಪಿನಲ್ಲಿ ಕೂರಿಸಿಕೊಂಡು, ಒಂದು ಕಿಟಕಿಯೂ ಇಲ್ಲದ ಆ ಗಾಡಿಯಲ್ಲಿ ಆಷಾಢದ ಗಾಳಿಗೆ ಮುಖ ಒಡ್ಡಿಕೊಂಡು ಬರುತ್ತಿದ್ದೆವು.

ಜೀಪು ಅಪ್ಪನದು. ಮಹೀಂದ್ರಾ ಎಂಎಂ 540, 1994ರ ಮಾಡೆಲ್. ನಂಬರ್ ಪ್ಲೇಟಿನಲ್ಲಿ ಈಗಲೂ ಕೆಎ 36 ಎಂದೇ ಇದೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಮುಂಚೆ ನಾವೆಲ್ಲ ರಾಯಚೂರಿನವರು. ಕೆಎ 37 ಬಂದ ಮೇಲೂ ಅಪ್ಪ ನಂಬರ್ ಬದಲಿಸಲಿಲ್ಲ. ಪಿಜೊ ಕಂಪನಿಯ 2112 ಸಿಸಿ ಡೀಸೆಲ್ ಎಂಜಿನ್ನು, ಮೇಲೆ ಕ್ಯಾನ್ವಾಸ್ ಹುಡ್, ಪಕ್ಕಕ್ಕೆ ರೆಕ್ಸಿನ್ ಪರದೆ. ಬಾಗಿಲು ಎಂದರೆ ಮೊಣಕಾಲು ಮುಚ್ಚುವಷ್ಟು ರೆಕ್ಸಿನ್ ಸುತ್ತಿದ ಒಂದು ಪೈಪು, ಅಷ್ಟೇ.

ಕಾರು ಬಾಡಿಗೆ ಹಿಡಿಯಬಹುದಿತ್ತಲ್ಲ ಎಂದು ಕೇಳುವವರಿಗೆ ಒಂದು ಲೆಕ್ಕ. ತಿಂಗಳಿಗೆ ಹನ್ನೆರಡು ಹದಿಮೂರು ಸಲ ಹೋಗಿ ಬರುವ ಬಾಡಿಗೆ ನಮ್ಮ ತಿಂಗಳ ಗಳಿಕೆಗಿಂತ ಹೆಚ್ಚು. ಸುದ್ದಿಗಿಷ್ಟು ಫೋಟೋಕ್ಕಿಷ್ಟು ಎಂದು ಕೈಗೆ ಬರುವ ದುಡ್ಡು ಎಷ್ಟೆಂದು ಇದನ್ನು ಓದುವ ಸ್ಟ್ರಿಂಗರ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ. ಅದೂ ಅಲ್ಲದೆ ನಮ್ಮದು ಹೊಲದ ಮನೆ. ಟಾರು ರಸ್ತೆಯಿಂದ ಒಳಗೆ ಹಳ್ಳ ದಾಟಿ ಬರಬೇಕು. ಮಳೆ ಬಿದ್ದ ದಿನ ಆ ಕೆಂಪು ರಾಡಿಯಲ್ಲಿ ಫೋರ್ ವೀಲ್ ಗೇರು ಹಾಕದೆ ಏರು ಹತ್ತಲು ಆಗುವುದಿಲ್ಲ. ಬಾಡಿಗೆ ಕಾರಿನವರು ಒಂದು ಸಲ ಬಂದವರು ಎರಡನೇ ಸಲ ಫೋನ್ ಎತ್ತಲಿಲ್ಲ. ಹಾಗಾಗಿ ಜೀಪೇ ಗತಿ.

ಈ ಜೀಪಿನ ಜೊತೆ ನಮಗೊಂದು ಹಳೇ ಮುಜುಗರವೂ ಇದೆ. ಡಿಪ್ಲೊಮಾ ಮುಗಿಸಿ ಊರಿಗೆ ಬಂದ ಹೊಸತರಲ್ಲಿ ನಾವು ಬರೆದ ಮೊದಲ ದೊಡ್ಡ ಸುದ್ದಿ ಸಂತೆಯ ದಿನ ಜೀಪುಗಳಲ್ಲಿ ಕುರಿಗಳಂತೆ ಜನ ತುಂಬುತ್ತಾರೆ ಎಂಬುದು. ನಾಲ್ಕು ಕಾಲಂ, ಫೋಟೋ ಸಮೇತ. ಆಗ ಸಂತೆಗೆ ಹದಿನಾಲ್ಕು ಮಂದಿಯನ್ನು ಹತ್ತಿಸಿಕೊಂಡು ಹೋಗುತ್ತಿದ್ದವರಲ್ಲಿ ಅಪ್ಪನೂ ಒಬ್ಬ. ಚಹಾದಂಗಡಿಯಲ್ಲಿ ಕೂತು ಅದನ್ನು ಪೂರಾ ಓದಿದ. ಮನೆಗೆ ಬಂದು, "ಫೋಟೋದಾಗ ನಮ್ಮ ಗಾಡಿ ಬಂದಿಲ್ಲಲ್ಲ" ಎಂದಷ್ಟೇ ಕೇಳಿದ. ಆ ದುಡ್ಡಿನಲ್ಲೇ ನಮ್ಮ ಡಿಪ್ಲೊಮಾ ಫೀಸು ಕಟ್ಟಿದ್ದು.

ಈಗ ಅದೇ ಜೀಪಿಗೆ ಕಿಟಕಿ ಕೂರಿಸಬೇಕಾಗಿತ್ತು. ಸುಲಭದ ಕೆಲಸ ಎಂದುಕೊಂಡಿದ್ದೆವು.

ಜೀಪನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ, ಅದಕ್ಕೆ ಕಿಟಕಿ ಇರಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ಎರಡನೇ ಮಹಾಯುದ್ಧಕ್ಕೆ ಮಾಡಿದ ಗಾಡಿ ಅದು. ಸೈನಿಕ ಒಂದೇ ಜಿಗಿತಕ್ಕೆ ಒಳಗೆ ಹೋಗಬೇಕು, ಒಂದೇ ಜಿಗಿತಕ್ಕೆ ಹೊರಗೆ ಬರಬೇಕು, ಅದಕ್ಕೇ ಬಾಗಿಲಿಲ್ಲ. ಮುಂದಿನ ಗಾಜಿನ ಚೌಕಟ್ಟು ಕೂಡ ಬಾನೆಟ್ ಮೇಲೆ ಮಡಚಿ ಮಲಗುವಂಥದ್ದು. 1940ರ ದಶಕದ ಕೊನೆಗೆ ಮಹೀಂದ್ರಾದವರು ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರು. ಎಂಜಿನ್ ಬದಲಾಗುತ್ತ ಬಂತು, ಹೆಸರು ಬದಲಾಗುತ್ತ ಬಂತು, ಆದರೆ ನಮ್ಮ 540ರ ತನಕ ಮೈಕಟ್ಟು ಹೆಚ್ಚುಕಡಿಮೆ ಅದೇ. ಕಾರಿನ ಬಾಗಿಲಿಗಾದರೆ ಸುತ್ತ ಗಟ್ಟಿ ಅಂಚು ಇರುತ್ತದೆ, ಗಾಜು ಅದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಜೀಪಿನಲ್ಲಿ ಮುಂದೆ ಅಲುಗಾಡುವ ಚೌಕಟ್ಟು, ಮೇಲೆ ಬಟ್ಟೆ, ಹಿಂದೆ ಒಂದು ಪೈಪು. ಗಾಜು ಯಾವುದಕ್ಕೆ ಒರಗಬೇಕು?

ಮೊದಲು ಕೊಪ್ಪಳದಲ್ಲಿ ಸೀಟು ಹೊಲಿಯುವವರ ಹತ್ತಿರ ರೆಕ್ಸಿನ್ ಪರದೆ ಹೊಲಿಸಿದೆವು, ನಡುವೆ ಪಾರದರ್ಶಕ ಪ್ಲಾಸ್ಟಿಕ್, ಅಂಚಿಗೆ ಜಿಪ್ಪು. ಅದು ಮೂರು ವಾರ ಬಾಳಿತು. ಧೂಳು ಕೂತಾಗ ಒಣ ಬಟ್ಟೆಯಲ್ಲಿ ಒರೆಸಿದ್ದೇ ತಪ್ಪು, ಮಣ್ಣಿನ ಹರಳು ಪ್ಲಾಸ್ಟಿಕ್ಕನ್ನು ಗೀರಿ ಗೀರಿ ಮಬ್ಬು ಮಾಡಿತು. ಪಕ್ಕದ ಕನ್ನಡಿ ಕಾಣದಾಯಿತು. ಗಾಳಿಗೆ ಪರದೆ ಪಟಪಟ ಹೊಡೆದುಕೊಳ್ಳುವ ಸದ್ದಿಗೆ ಅವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಸುಕಿನ ಐದಕ್ಕೆ ಹೊರಡುವ ದಿನಗಳಲ್ಲಿ ಪಕ್ಕದ ಹೊಲದ ಕಾಕಾ ಬೇರೆ, "ಆ ಪಾಲಿತೀನಿಗೆ ಕರಡಿ ಅಂಜತೈತೇನ್ರೋ" ಎಂದು ನಗುತ್ತಿದ್ದ. ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿಗಳಿವೆ, ಕತ್ತಲಲ್ಲಿ ಹೊಲಕ್ಕೆ ಇಳಿಯುತ್ತವೆ. ಅವುಗಳ ಸುದ್ದಿ ಬರೆದು ಬರೆದು ನಮಗೆ ಸಾಕಾಗಿದೆ. ನಗು ಬರಲಿಲ್ಲ.

ಎರಡನೇ ಪ್ರಯತ್ನದ ಬಗ್ಗೆ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಅಣ್ಣ ಕಬ್ಬಿಣದ ಪಟ್ಟಿಯಲ್ಲಿ ಚೌಕಟ್ಟು ಮಾಡಿಸಿಕೊಂಡು ಬಂದ. ಮನೆ ಕಿಟಕಿಗೆ ಗಾಜು ಕೊಯ್ದು ಕೊಡುವ ಅಂಗಡಿಯಿಂದ ನಾಲ್ಕು ಮಿಲಿಮೀಟರಿನ ಗಾಜು ತಂದೆವು. ಬೇಕಾದ ಅಳತೆಗೆ ಕೊಯ್ಯಿಸಿ, ಪುಟ್ಟಿ ಮೆತ್ತಿ ಕೂರಿಸಿದೆವು. ಚಂದ ಕಂಡಿತು. ಧೂಳಿಲ್ಲ, ಗಾಳಿ ಇಲ್ಲ. ಎರಡು ವಾರ ಅವ್ವ ಆ ಗಾಜಿಗೆ ತಲೆ ಆನಿಸಿಕೊಂಡು ನಿದ್ದೆ ಮಾಡುತ್ತ ಬಂದಳು.

ಮೂರನೇ ವಾರ ಒಂದು ಶುಕ್ರವಾರ. ಜೀಪು ಅಂಗಳದಲ್ಲಿ ನಿಂತಿತ್ತು. ಅವ್ವ ಇಳಿದು ತುಳಸಿಕಟ್ಟೆಯ ಹತ್ತಿರ ಹೋಗಿದ್ದಳು. ಅಪ್ಪ ಬಾಗಿಲು ಹಾಕಿದ, ಸ್ವಲ್ಪ ಜೋರಾಗಿಯೇ. ಠಳ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಗಾಜು ಮೂರು ದೊಡ್ಡ ಚೂರಾಗಿ ಒಳಗೆ ಬಿದ್ದಿತ್ತು. ಒಂದು ಚೂರು ಕುಡುಗೋಲಿನ ಹಾಗೆ ಬಾಗಿ, ಅವ್ವ ಕೂರುವ ಸೀಟಿನ ರೆಕ್ಸಿನ್ ಸೀಳಿಕೊಂಡು ನೆಟ್ಟಗೆ ನಿಂತಿತ್ತು.

ಯಾರೂ ಮಾತಾಡಲಿಲ್ಲ. ಅಪ್ಪ ಆ ಚೂರನ್ನು ಟವೆಲಿನಲ್ಲಿ ಹಿಡಿದು ಎಳೆದು ತೆಗೆದ. ಅವ್ವನಿಗೆ ತೋರಿಸಲಿಲ್ಲ.

ಆ ರಾತ್ರಿ ನಮಗೆ ನೆನಪಾದದ್ದು ನಾವು ನೋಡಿದ ಅಪಘಾತಗಳು. ಹೆದ್ದಾರಿಯಲ್ಲಿ ಬಸ್ಸು ಮಗುಚಿದ ಜಾಗಕ್ಕೆ ಹೋದಾಗಲೆಲ್ಲ ರಸ್ತೆ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಹರಳು ಬಿದ್ದಿರುತ್ತದೆ. ಅದರ ಮೇಲೆ ನಡೆದಾಡಿದ್ದೇವೆ, ಅದರ ಫೋಟೋ ತೆಗೆದಿದ್ದೇವೆ, ಸತ್ತವರ ಹೆಸರು ಬರೆದುಕೊಂಡಿದ್ದೇವೆ. ಮನೆ ಕಿಟಕಿಯ ಗಾಜು ಒಡೆದರೆ ಚಾಕುವಾಗುತ್ತದೆ, ಬಸ್ಸಿನ ಗಾಜು ಯಾಕೆ ಸಕ್ಕರೆಯಾಗುತ್ತದೆ ಎಂದು ಇಷ್ಟು ವರ್ಷ ಒಬ್ಬರನ್ನೂ ಕೇಳಿರಲಿಲ್ಲ. ಪ್ರಶ್ನೆ ಕೇಳುವುದೇ ಕಸುಬು ಎಂದು ಕಲಿತು ಬಂದವರು ನಾವು.

ಉತ್ತರ ಕಷ್ಟದ್ದೇನಲ್ಲ. ವಾಹನದ ಪಕ್ಕದ ಗಾಜನ್ನು ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ಒಮ್ಮೆಗೇ ತಣ್ಣಗೆ ಮಾಡುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ತಣ್ಣಗಾಗುತ್ತ ಹೊರಮೈಯನ್ನು ಒಳಗೆ ಜಗ್ಗುತ್ತದೆ. ಹೊರಗೆ ಒತ್ತಡ, ಒಳಗೆ ಎಳೆತ, ಹೀಗೆ ಬಿಗಿದುಕೊಂಡಿರುವುದರಿಂದ ಗಾಜು ಗಟ್ಟಿ. ಒಂದು ಕಡೆ ಆ ಬಿಗಿ ತಪ್ಪಿದರೆ ಪೂರಾ ಗಾಜು ಒಂದೇ ಕ್ಷಣಕ್ಕೆ ಹರಳಾಗಿ ಉದುರುತ್ತದೆ. ಇದನ್ನೇ ಟಫನ್ಡ್ ಗಾಜು ಎನ್ನುತ್ತಾರೆ. ಮುಂದಿನ ಗಾಜಿನದು ಬೇರೆ ರೀತಿ, ಎರಡು ಹಾಳೆಯ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ, ಒಡೆದರೂ ಉದುರುವುದಿಲ್ಲ. ವಾಹನದ ಕಿಟಕಿಗೆ ಸುರಕ್ಷತಾ ಗಾಜನ್ನೇ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. ಗಾಜಿನ ಮೂಲೆಯಲ್ಲಿ ಐಎಸ್ 2553 ಎಂಬ ಸಣ್ಣ ಗುರುತು ಕೆತ್ತಿರುತ್ತದೆ. ನಿಮ್ಮ ಗಾಡಿಯ ಗಾಜಿನ ಮೂಲೆ ಒಂದು ಸಲ ನೋಡಿ.

ಮುಂದಿನ ಭಾನುವಾರ ಹೊಸಪೇಟೆಯ ಗುಜರಿಗೆ ಹೋದೆವು. ಕಳಚಿದ ಮಿನಿ ಬಸ್ಸುಗಳ ಜಾರುಕಿಟಕಿಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಜೊತೆಗೆ ನಮ್ಮೂರ ವೆಲ್ಡಿಂಗ್ ಮಿಸ್ತ್ರಿ ಬಂದಿದ್ದರು. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ ಮಾಡುವವರು, ನಮಗೆ ವರಸೆಯಲ್ಲಿ ಮಾಮಾ ಆಗಬೇಕು. ಅಣ್ಣನಿಗೆ ಒಂದು ಜೊತೆ ಗಾಜು ಬಹಳ ಹಿಡಿಸಿತು. ಅಗಲ ಮಾತ್ರ ನಮ್ಮ ಅಳತೆಗಿಂತ ಅರ್ಧ ಇಂಚು ಹೆಚ್ಚು.

"ಅರ್ಧ ಇಂಚಲ್ಲ, ಕೊಯ್ಸಿದ್ರ ಆತು" ಎಂದ ಅಣ್ಣ.

"ಕೊಯ್ದ್ ನೋಡು ಅಳಿಯಾ" ಎಂದರು ಮಾಮಾ.

ಗುಜರಿಯವನು ನಗುತ್ತ ಗೀರು ಬಿದ್ದ ಒಂದು ಗಾಜನ್ನು ಪುಕ್ಕಟೆ ಕೊಟ್ಟ. ಮಾಮಾ ಅದನ್ನು ಗೋಣಿಚೀಲದ ಮೇಲೆ ಮಲಗಿಸಿ, ಮುಖ ಆ ಕಡೆ ತಿರುಗಿಸಿಕೊಂಡು, ಅಂಚಿಗೆ ಗ್ರೈಂಡರ್ ತಾಗಿಸಿದರು. ತಾಗಿದ್ದಷ್ಟೇ. ಟಪ್ ಎಂದು ಇಡೀ ಗಾಜು ಚೀಲದ ಮೇಲೆ ಸಕ್ಕರೆಯಾಗಿ ಕೂತಿತು. ಬಿಗಿ ಬಂದ ಮೇಲೆ ಈ ಗಾಜನ್ನು ಕೊಯ್ಯಲು ಬರುವುದಿಲ್ಲ, ತೂತು ಹಾಕಲೂ ಬರುವುದಿಲ್ಲ. ಕೊಯ್ಯುವುದೇನಿದ್ದರೂ ಕಾಯಿಸುವ ಮೊದಲು.

ಮಾಮಾ ಕೈ ಝಾಡಿಸಿಕೊಂಡು ಹೇಳಿದರು: "ಬಾಗಲ ನೋಡಿ ಗಾಜ ತರಾಕ ಬಂದೀರಿ. ಗಾಜ ತಗೊಂಡ ಬಾಗಲ ಮಾಡೂಣು ಬರ್ರಿ."

ಆ ಮಾತಿಗೆ ಕೆಲಸದ ದಿಕ್ಕೇ ಬದಲಾಯಿತು. ಮೂಲೆಯಲ್ಲಿ ಗುರುತು ಇದ್ದ, ಅಂಚು ಮುಕ್ಕಾಗದ ನಾಲ್ಕು ಗಾಜು ಆರಿಸಿದೆವು. ಒಂದೊಂದು ಹದಿನಾರು ಇಂಚು ಅಗಲ. ಎರಡು ಗಾಜು ಒಂದರ ಮೇಲೊಂದು ಎರಡು ಇಂಚು ಹಾಯ್ದರೆ ಮೂವತ್ತು ಇಂಚು. ಬಾಗಿಲಿನ ಅಗಲ ಅಷ್ಟೇ ಎಂದು ಅಲ್ಲೇ ಗೋಣಿಚೀಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದಾಯಿತು. ಅಲ್ಯುಮಿನಿಯಂ ಚಾನಲ್ಲು, ಅದರೊಳಗೆ ಕೂರಿಸುವ ಉಣ್ಣೆಯಂಥ ಪಟ್ಟಿ, ರಬ್ಬರ್ ಬೀಡಿಂಗು ಕೂಡ ಅಲ್ಲೇ ಸಿಕ್ಕವು.

ಇನ್ನು ಅಪ್ಪ. ಅವನ ತಕರಾರು ಮೊದಲಿನಿಂದಲೂ ಒಂದೇ. "ಗಾಜ ಹಾಕಿದ ಮ್ಯಾಲ ಅದು ಜೀಪ ಹೆಂಗಾತು? ಡಬ್ಬಿ ಆಕ್ಕೈತಿ." ಗೊಬ್ಬರದ ಚೀಲ ಪಕ್ಕದಿಂದ ಎಸೆಯಲು ಬರಬೇಕು, ಓಡಿಸುತ್ತ ಬಗ್ಗಿ ಹಿಂದಿನ ಗಾಲಿ ನೋಡಲು ಬರಬೇಕು. ಅವನದು ಸುಳ್ಳಲ್ಲ. ಹಳ್ಳದ ಏರಿನಲ್ಲಿ ಹೊರಗೆ ಬಗ್ಗಿ ಗಾಲಿ ಎಲ್ಲಿ ಕೂತಿದೆ ಎಂದು ನೋಡಿಕೊಂಡೇ ಜೀಪು ಹತ್ತಿಸಬೇಕು. ಜಾರುಗಾಜಿನ ಸಂದಿನಲ್ಲಿ ತಲೆ ಹಿಡಿಸುವುದಿಲ್ಲ.

ಇದಕ್ಕೆ ದಾರಿ ಸಿಕ್ಕಿದ್ದು ಇಂಗ್ಲೆಂಡಿನಿಂದ. 1948ರಿಂದ ಅಲ್ಲಿ ತಯಾರಾದ ಲ್ಯಾಂಡ್ ರೋವರ್ ಕೂಡ ರೈತರ ಗಾಡಿಯೇ. ಅದರ ಬಾಗಿಲು ಎರಡು ತುಂಡು: ಸೊಂಟದ ತನಕ ತಗಡು, ಅದರ ಮೇಲೆ ಬೋಲ್ಟು ಹಾಕಿ ನಿಲ್ಲಿಸುವ ಜಾರುಗಾಜಿನ ಚೌಕಟ್ಟು. ಬೇಡವಾದಾಗ ಬೋಲ್ಟು ಬಿಚ್ಚಿ ಮೇಲಿನ ತುಂಡು ಎತ್ತಿ ಇಡಬಹುದು. ತಿರುಗಿಸುವ ಹಿಡಿಕೆಯ ಕಿಟಕಿ ಆ ಗಾಡಿಗಳಿಗೆ ಬಂದದ್ದು 1984ರಲ್ಲಿ, ಅಲ್ಲಿಯವರೆಗೂ ಇದೇ. ಮೊಬೈಲಿನಲ್ಲಿ ಫೋಟೋ ತೋರಿಸಿದೆವು. ಅಪ್ಪ ಎರಡು ಬೆರಳಿನಿಂದ ಹಿಗ್ಗಿಸಿ ಬೋಲ್ಟು ಎಲ್ಲಿದೆ ನೋಡಿದ. "ಹಿಂಗಾದ್ರ ಮಾಡ್ರಿ" ಎಂದ.

ಮಾಮಾನ ಅಂಗಡಿಯಲ್ಲಿ ಹನ್ನೊಂದು ದಿನ ಕೆಲಸ ನಡೆಯಿತು. ನಡುನಡುವೆ ಯಾರದೋ ಗೇಟು ಬಂದರೆ ನಮ್ಮ ಬಾಗಿಲು ಮೂಲೆಗೆ ಹೋಗುತ್ತಿತ್ತು. ಒಂದು ಇಂಚಿನ ಚೌಕ ಪೈಪು, ಕೆಳಗೆ ಹದಿನೆಂಟು ಗೇಜಿನ ತಗಡು. ಮೇಲಿನ ಚೌಕಟ್ಟಿನ ಎರಡು ಕಾಲು ಕೆಳಗಿನ ಬಾಗಿಲಿನ ಪೈಪಿನೊಳಗೆ ಇಳಿಯುತ್ತವೆ, ಒಂದೊಂದಕ್ಕೆ ಒಂದು ಬೋಲ್ಟು. ಮುಂದಿನ ಗಾಜಿನ ಚೌಕಟ್ಟು ಅಲುಗಾಡುವುದರಿಂದ ಬಾಗಿಲನ್ನು ಅದಕ್ಕೆ ಒತ್ತಿ ಕೂರಿಸಲಿಲ್ಲ. ಒಂದು ಬೆರಳು ಸಂದು ಬಿಟ್ಟು, ಆ ಸಂದಿಗೆ ಒಳಗೆ ಪೊಳ್ಳು ಇರುವ ರಬ್ಬರ್ ಅಂಟಿಸಿದೆವು. ಚೌಕಟ್ಟು ಎಷ್ಟು ನಡುಗಿದರೂ ರಬ್ಬರ್ ನುಂಗಿಕೊಳ್ಳುತ್ತದೆ. ಗಾಜು ಗಡಗಡ ಅನ್ನದಂತೆ ಚಾನಲ್ಲಿನ ತಳಕ್ಕೆ ಸೈಕಲ್ ಟ್ಯೂಬಿನ ತುಂಡು. ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ತೆಗೆಯುವಂತಿರಬೇಕು ಎಂದು ಅಪ್ಪ ಪಟ್ಟು ಹಿಡಿದ. ಹದಿನಾಲ್ಕು ಮಂದಿಯನ್ನು ಹತ್ತಿಸಿಕೊಂಡವನ ಬಾಯಲ್ಲಿ ಆ ಮಾತು ಕೇಳಿ ನಾವು ಸುಮ್ಮನಾದೆವು.

ಚಾನಲ್ಲಿನ ತಳದಲ್ಲಿ ನೀರು ಹೋಗಲು ತೂತು ಹಾಕಬೇಕು ಎಂದು ನಾವು ಹೇಳಿದಾಗ ಮಾತ್ರ ಮಾಮಾಗೆ ಸಿಟ್ಟು ಬಂತು. ಹೊಸ ಮಾಲಿಗೆ ತೂತು ಹೊಡೆಯುವುದೇ? ಮಳೆನೀರು ಗಾಜಿನ ಮೇಲಿಂದ ಇಳಿದು ನೇರ ಚಾನಲ್ಲಿಗೇ ಹೋಗುತ್ತದೆ. ಅಲ್ಲಿ ನಿಂತರೆ ಉಣ್ಣೆಪಟ್ಟಿ ಕೊಳೆಯುತ್ತದೆ, ಚೌಕಟ್ಟು ತುಕ್ಕು ಹಿಡಿಯುತ್ತದೆ. ಹಳೇ ಲ್ಯಾಂಡ್ ರೋವರ್‌ಗಳ ಆ ಪಟ್ಟಿಯಲ್ಲಿ ಪಾಚಿ ಬೆಳೆಯುವುದು ಅವುಗಳ ಮಾಲೀಕರಿಗೆಲ್ಲ ಗೊತ್ತಿರುವ ವಿಷಯ. ಮಾಮಾ ಗೊಣಗುತ್ತ ಬಲಗಡೆಗೆ ಮೂರು ತೂತು ಹಾಕಿದರು. ಎಡಗಡೆಗೆ ಹಾಕಲು ಮರೆತರು, ಇಲ್ಲವೇ ಹಾಕಲಿಲ್ಲ.

ಕಾನೂನಿನ ವಿಷಯಕ್ಕೂ ಬರಬೇಕು. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತೋರಿಸಿ ನೋಂದಣಿ ನವೀಕರಿಸಬೇಕು, ನಮ್ಮ ಜೀಪಿಗೂ ಆ ಸರದಿ ಬರುತ್ತದೆ. ಹಾಗಾಗಿ ಪೈಪು ಕೊಯ್ಯುವ ಮುಂಚೆಯೇ ಪರಿಚಯದ ಒಬ್ಬ ಇನ್‌ಸ್ಪೆಕ್ಟರ್ ಹತ್ತಿರ ಕೇಳಿಕೊಂಡು ಬಂದೆವು. ಕ್ಯಾನ್ವಾಸ್ ಕಿತ್ತು ತಗಡಿನ ಛಾವಣಿ ಹಾಕಿದರೆ ಬಾಡಿಯೇ ಬೇರೆಯಾಗುತ್ತದೆ, ಅದಕ್ಕೆ ಹೋಗಬೇಡಿ ಎಂದರು ಅವರು. ಹುಡ್ ಹಾಗೇ ಇರಲಿ, ಸೀಟು ಹೆಚ್ಚಿಸಬೇಡಿ, ಗಾಜಿನ ಗುರುತು ಅಳಿಸಬೇಡಿ, ಬಿಚ್ಚಿಡುವ ಹಾಗೆ ಮಾಡಿ, ತೋರಿಸಲು ಬರುವಾಗ ಹಳೇ ಪರದೆಯನ್ನೂ ತನ್ನಿ. ನಾವು ಹಾಗೇ ಮಾಡಿದ್ದೇವೆ. ಅಣ್ಣನಿಗೆ ಕಪ್ಪು ಫಿಲ್ಮ್ ಅಂಟಿಸುವ ಆಸೆ ಇತ್ತು. 2012ರ ಏಪ್ರಿಲ್ 27ಕ್ಕೆ ಸುಪ್ರೀಂ ಕೋರ್ಟ್ ಫಿಲ್ಮ್ ನಿಷೇಧಿಸಿದಾಗ ಮೇ ತಿಂಗಳ ಬಿಸಿಲಲ್ಲಿ ನಿಂತು ಪೊಲೀಸರು ಅದನ್ನು ಕೀಳುವ ಫೋಟೋ ತೆಗೆದವರು ನಾವು. ಸ್ವಂತ ಮನೆಯಲ್ಲಿ ಅದನ್ನು ಒಪ್ಪಲು ಆಗಲಿಲ್ಲ.

ಬಾಗಿಲು ಕೂರಿಸಿದ ಮೊದಲ ಸೋಮವಾರ ಹೊಸ ತೊಂದರೆ ಕಂಡಿತು. ಪಕ್ಕದ ಗಾಜು ಪೂರಾ ಮುಚ್ಚಿದ್ದರೂ ಅವ್ವನ ಕೌದಿ ಕೆಂಪಾಗಿತ್ತು. ಧೂಳು ಹಿಂದಿನಿಂದ ಬರುತ್ತಿತ್ತು. ಜೀಪಿನಂಥ ಚೌಕದ ಗಾಡಿ ಮುಂದೆ ಹೋಗುವಾಗ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಗಾಲಿ ಎಬ್ಬಿಸಿದ ಧೂಳು ಅಲ್ಲೇ ಸುತ್ತುತ್ತ, ಸಂದು ಸಿಕ್ಕರೆ ಒಳಗೆ ಬರುತ್ತದೆ. ಸೈಲೆನ್ಸರಿನ ಹೊಗೆಯೂ ಜೊತೆಗೆ. ಹಿಂದಿನ ಪರದೆಗೆ ಹೊಸ ಪಟ್ಟಿ ಹೊಲಿಸಿ ಬಿಗಿಯಾಗಿ ಕಟ್ಟಿದೆವು. ಮುಂದಿನ ಗಾಜನ್ನು ಎರಡು ಬೆರಳಷ್ಟು ಸರಿಸಿ ನೋಡಿದೆವು. ಮುಂದಿನಿಂದ ಹೋದ ಗಾಳಿ ಒಳಗೆ ತುಂಬಿಕೊಂಡು ಹಿಂದಿನ ಧೂಳನ್ನು ತಡೆಯಿತು. ಧೂಳು ಬರಬಾರದು ಎಂದರೆ ಕಿಟಕಿ ಸ್ವಲ್ಪ ತೆಗೆದಿರಬೇಕು! ಅಪ್ಪನಿಗೆ ಇದು ಬಹಳ ಖುಷಿ ಕೊಟ್ಟಿತು, ಬಂದವರಿಗೆಲ್ಲ ಹೇಳುತ್ತಾನೆ.

ಒಟ್ಟು ಖರ್ಚು ಹನ್ನೊಂದು ಸಾವಿರದ ನಾಲ್ಕುನೂರು. ಮಾಮಾ ತಮ್ಮ ಕೂಲಿಯಲ್ಲಿ ಅರ್ಧ ಮಾತ್ರ ತೆಗೆದುಕೊಂಡರು, ಉಳಿದದ್ದು ಸುಗ್ಗಿಗೆ ಎಂದಿದ್ದಾರೆ.

ನಾವು ಎಣಿಸದೆ ಇದ್ದದ್ದು ಒಂದು ನಡೆಯಿತು. ಮೊದಲು ಜೀಪಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಗಾಳಿಗೆ ಕೂಗಿ ಕೂಗಿ ಗಂಟಲು ನೋಯುತ್ತಿತ್ತು. ಗಾಜು ಬಂದ ಮೇಲೆ ಎಂಜಿನ್ ಸದ್ದಿನ ನಡುವೆಯೂ ಅವ್ವನ ಮಾತು ಕೇಳುತ್ತದೆ. ಹೋಗುವಾಗ ಆಕೆ ಹೊಲಗಳನ್ನು ನೋಡುತ್ತ ಯಾರ ಸಜ್ಜೆ ಹೇಗಿದೆ, ಯಾರು ದಾಳಿಂಬೆ ಕಿತ್ತು ಹಾಕಿದರು ಎಂದು ಹೇಳುತ್ತ ಹೋಗುತ್ತಾಳೆ. ಬರುವಾಗ ದನಿ ಸಣ್ಣದಾಗಿರುತ್ತದೆ, ಆದರೂ ಕೇಳುತ್ತದೆ. ಒಮ್ಮೆ ಗಾಜಿಗೆ ತಲೆ ಆನಿಸಲು ಹೋದವಳು ನಡುವೆಯೇ ತಡೆದು, "ಇದು ಒಡಿಯಾಂಗಿಲ್ಲಲ್ಲ?" ಎಂದಳು. ಆ ಚೂರನ್ನು ಆಕೆ ನೋಡಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

"ಒಡದ್ರ ಸಕ್ರಿ ಆಕ್ಕೈತಬೇ ಅವ್ವಾ" ಎಂದ ಅಣ್ಣ.

"ಸಕ್ರಿ ನನಗ ಬ್ಯಾಡಂದಾರ ಡಾಕ್ಟರು" ಎಂದು ತಲೆ ಆನಿಸಿ ಕಣ್ಣು ಮುಚ್ಚಿದಳು.

ಮಂಗಳವಾರ, ಗುರುವಾರ ಅಪ್ಪ ಮೇಲಿನ ತುಂಡುಗಳನ್ನು ಬಿಚ್ಚಿ ಪಡಸಾಲೆಯ ಗೋಡೆಗೆ ಒರಗಿಸುತ್ತಾನೆ, ನಡುವೆ ಅವ್ವನ ಹಳೇ ಸೀರೆ ಮಡಚಿ ಇಟ್ಟು. ಸಂಜೆ ಮತ್ತೆ ಕೂರಿಸುವುದೂ ಅವನೇ, ನಮ್ಮ ಕೈಗೆ ಸ್ಪ್ಯಾನರ್ ಕೊಡುವುದಿಲ್ಲ. ಮೊನ್ನೆಯ ಮಳೆಗೆ ಎಡಗಡೆಯ ಚಾನಲ್ಲಿನಲ್ಲಿ ನೀರು ನಿಂತು, ತಿರುವಿನಲ್ಲಿ ಅಣ್ಣನ ತೊಡೆ ಮೇಲೆ ಸುರಿಯಿತು. ನಾಳೆ ಡ್ರಿಲ್ ಮಷಿನ್ ತೆಗೆದುಕೊಂಡು ಬರುತ್ತೇನೆ ಎಂದು ಮಾಮಾ ಫೋನಿನಲ್ಲಿ ಹೇಳಿದ್ದಾರೆ, ಗಾಜು ಹೊರಗೆ ತೆಗೆದಿಡಿ ಎಂದೂ ಹೇಳಿದ್ದಾರೆ.